ಬೆಳ್ಳುಳ್ಳಿ ಬಿಟ್ಟೆ, ಮನಸ್ಸು ನಿಲ್ಲಲಿಲ್ಲ

ಪ್ರಶ್ನೆ: ನಾನು ಮಂಡ್ಯದಲ್ಲಿ ಪ್ರೈಮರಿ ಶಾಲೆ ಟೀಚರ್. ವಯಸ್ಸು 47. ಎಂಟು ತಿಂಗಳಿಂದ ದಿನಾ ಧ್ಯಾನಕ್ಕೆ ಕೂರುತ್ತಿದ್ದೇನೆ. ಮೊದಮೊದಲು ಚೆನ್ನಾಗಿತ್ತು. ಆಮೇಲೆ ನಮಗೆ ಹೇಳಿಕೊಡುವವರು, ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ, ಬಾಡು, ತಂಗಳು ಎಲ್ಲ ಬಿಡಬೇಕು, ಇಲ್ಲದಿದ್ದರೆ ಮಾಡಿದ ಜಪವೆಲ್ಲ ಸೋರಿಹೋಗುತ್ತೆ ಎಂದರು. ರಾತ್ರಿ ಮುದ್ದೆ ತಾಮಸ, ಅದೂ ಬೇಡ ಎಂದರು. ನಾಲ್ಕು ತಿಂಗಳಿಂದ ಎಲ್ಲ ಬಿಟ್ಟಿದ್ದೇನೆ. ನನಗೊಂದು ಸಾರು, ಮನೆಯವರಿಗೊಂದು ಸಾರು ಮಾಡುತ್ತೇನೆ. ಹೊಸತೊಡಕಿನ ದಿನ ಅಡುಗೆಮನೆಗೆ ಕಾಲಿಡಲಿಲ್ಲ. ಅತ್ತೆಯವರು ಇವತ್ತಿಗೂ ಸರಿಯಾಗಿ ಮಾತಾಡುತ್ತಿಲ್ಲ. ಏಕಾದಶಿಗೆ ನೀರೂ ಮುಟ್ಟುವುದಿಲ್ಲ. ಕಳೆದ ತಿಂಗಳು ಕ್ಲಾಸಿನಲ್ಲೇ ತಲೆ ಸುತ್ತಿ ಕುಳಿತುಬಿಟ್ಟೆ. ಆರು ವರ್ಷದಿಂದ ಶುಗರ್ ಮಾತ್ರೆ ಇದೆ. ರಾತ್ರಿ ಊಟ, ಪಾತ್ರೆ ಎಲ್ಲ ಮುಗಿಸಿ ಒಂಬತ್ತೂವರೆಗೆ ಕೂರುತ್ತೇನೆ. ಕೂತರೆ ತೂಕಡಿಕೆ. ಇಲ್ಲಾಂದ್ರೆ ಬಸ್ಸಾರಿನ ಒಗ್ಗರಣೆ ನೆನಪು. ಮೊದಲಿಗಿಂತ ಸಿಡುಕೂ ಜಾಸ್ತಿಯಾಗಿದೆ. ಊಟಕ್ಕೂ ಧ್ಯಾನಕ್ಕೂ ನಿಜವಾಗಿ ಏನು ಸಂಬಂಧ? ಬಾಡು ತಿನ್ನುವ ಮನೆಯವರಿಗೆ ಧ್ಯಾನ ಒಲಿಯುವುದಿಲ್ವಾ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಬೆಳ್ಳುಳ್ಳಿಯ ಮೇಲಲ್ಲ. ಶುಗರ್ ಮಾತ್ರೆ, ನೀರಿಲ್ಲದ ಉಪವಾಸ, ಕ್ಲಾಸಿನಲ್ಲಿ ತಲೆಸುತ್ತು. ಈ ಮೂರೂ ಒಟ್ಟಿಗೆ ಕಂಡರೆ ವೈದ್ಯನಾದ ನನಗೆ ಶಾಸ್ತ್ರ ಆಮೇಲೆ ನೆನಪಾಗುತ್ತದೆ. ಹಾಗಾಗಿ ಆ ವಿಷಯ ಮೊದಲು.

ಗ್ಲಿಮೆಪಿರೈಡ್ ಥರದ ಮಾತ್ರೆಗಳು ನೀವು ಉಂಡಿದ್ದೀರೋ ಇಲ್ಲವೋ ಎಂದು ನೋಡುವುದಿಲ್ಲ. ಸುಮ್ನೆ ಸಕ್ಕರೆ ಇಳಿಸುತ್ತವೆ. ಹೊಟ್ಟೆ ಖಾಲಿ ಇಟ್ಟುಕೊಂಡು ಅದನ್ನು ನುಂಗಿದರೆ ಬೆವರು, ನಡುಕ, ತಲೆಸುತ್ತು ಬರಬಹುದು. ಪ್ರಜ್ಞೆ ತಪ್ಪುವುದೂ ಉಂಟು. ನಿಮ್ಮದು ಮೆಟ್‌ಫಾರ್ಮಿನ್ ಒಂದೇ ಆದರೆ ಆ ಭಯ ಕಡಿಮೆ. ಆದರೆ ಅದನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುವುದು ಇದೆ. ಬಿ12 ನಮಗೆ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಿಂದ. ನೀವು ಮೊದಲಿನ ಮೂರನ್ನೂ ಕೈಬಿಟ್ಟಿದ್ದೀರಿ. ನಾಲ್ಕು ತಿಂಗಳಲ್ಲಿ ಯಾರಿಗೂ ಅದು ಖಾಲಿಯಾಗುವುದಿಲ್ಲ, ಲಿವರ್‌ನಲ್ಲಿ ದಾಸ್ತಾನು ಇರುತ್ತದೆ. ಆದರೆ ಮೊದಲೇ ಕಮ್ಮಿ ಇದ್ದಿದ್ದರೆ? ಸುಸ್ತು, ಸಿಡುಕು, ಗಮನ ನಿಲ್ಲದಿರುವುದು, ಇವೆಲ್ಲ ಅದರ ಲಕ್ಷಣಗಳೂ ಹೌದು. ಈ ವಾರವೇ ಹಿಮೋಗ್ಲೋಬಿನ್, ಬಿ12, ಸಕ್ಕರೆ ಮೂರನ್ನೂ ನೋಡಿಸಿ. ನೀವು ಉಪವಾಸ ಮಾಡುವುದು ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಹೇಳಿ. ಅಲ್ಲಿಯವರೆಗೆ ನೀರಿಲ್ಲದ ಏಕಾದಶಿ ಬೇಡ.

ಇದನ್ನು ವೈದ್ಯನ ಮಾತು, ಶಾಸ್ತ್ರದ್ದಲ್ಲ ಎಂದು ಪಕ್ಕಕ್ಕಿಡಬೇಡಿ. ಶಾಸ್ತ್ರವೂ ಇದನ್ನೇ ಹೇಳುತ್ತದೆ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಪಾಠ ಹೇಳುತ್ತಾನೆ. ಉಂಡ ಅನ್ನದ ಒರಟು ಭಾಗ ಮಲವಾಗುತ್ತದೆ, ನಡುವಿನದು ಮಾಂಸವಾಗುತ್ತದೆ, ಅತಿ ಸೂಕ್ಷ್ಮವಾದದ್ದು ಮನಸ್ಸಾಗುತ್ತದೆ. ಮನಸ್ಸು ಅನ್ನದಿಂದಲೇ ಆದದ್ದು. ಮಗನಿಗೆ ಇದು ಬಾಯಿಮಾತಾಗಿ ಉಳಿಯಬಾರದು ಅಂತ ಅಪ್ಪ ಒಂದು ಪರೀಕ್ಷೆ ಮಾಡಿಸುತ್ತಾನೆ. 'ಹದಿನೈದು ದಿನ ಉಣ್ಣಬೇಡ, ನೀರು ಮಾತ್ರ ಬೇಕಾದಷ್ಟು ಕುಡಿ' ಅಂತಾನೆ. ಹದಿನೈದು ದಿನ ಕಳೆದ ಮೇಲೆ 'ಈಗ ವೇದ ಹೇಳು' ಅಂತಾನೆ. ಹುಡುಗನಿಗೆ ಒಂದೂ ನೆನಪಾಗುವುದಿಲ್ಲ. 'ದೊಡ್ಡ ಬೆಂಕಿ ಆರಿ ಮಿಂಚುಹುಳದಷ್ಟು ಕೆಂಡ ಉಳಿದರೆ ಅದು ಏನು ತಾನೇ ಸುಟ್ಟೀತು? ಹೋಗಿ ಉಂಡು ಬಾ' ಅಂತ ಕಳಿಸುತ್ತಾನೆ. ಉಂಡು ಬಂದ ಮೇಲೆ ಕೇಳಿದ್ದೆಲ್ಲ ಬಾಯಿಗೆ ಬರುತ್ತದೆ.

ಊಟಕ್ಕೂ ಮನಸ್ಸಿಗೂ ಇರುವ ಸಂಬಂಧಕ್ಕೆ ನಮ್ಮಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ನೇರವಾದ ಮಾತು ಸಿಗುವುದು ಕಷ್ಟ. ಅದರಲ್ಲಿ ಬೆಳ್ಳುಳ್ಳಿಯ ಸುದ್ದಿಯೇ ಇಲ್ಲ. ಹಸಿದ ಮನಸ್ಸು ಕೆಲಸ ಮಾಡಲ್ಲ, ಅಷ್ಟೇ. ನೀರನ್ನಂತೂ ಅಪ್ಪ ಒಂದು ದಿನವೂ ನಿಲ್ಲಿಸಲಿಲ್ಲ.

ಈಗ 'ಜಪ ಸೋರಿಹೋಗುತ್ತೆ' ಎಂಬ ಹೆದರಿಕೆಗೆ ಬರೋಣ. ಗೀತೆಯ ಎರಡನೆಯ ಅಧ್ಯಾಯದ 40ನೇ ಶ್ಲೋಕ ಇದಕ್ಕೆ ತದ್ವಿರುದ್ಧ. ಈ ದಾರಿಯಲ್ಲಿ ಶುರು ಮಾಡಿದ್ದು ಹಾಳಾಗುವುದಿಲ್ಲ, ಅರ್ಧಕ್ಕೆ ನಿಂತರೂ ದೋಷವಿಲ್ಲ ಎನ್ನುತ್ತದೆ. ನಿಮ್ಮ ಎಂಟು ತಿಂಗಳು ಎಲ್ಲಿಗೂ ಸೋರಿಲ್ಲ.

ಎಲ್ಲರೂ ಉದಾಹರಿಸುವ ಸಾತ್ವಿಕ, ರಾಜಸ, ತಾಮಸ ಆಹಾರ ಗೀತೆಯ 17ನೇ ಅಧ್ಯಾಯದಲ್ಲಿದೆ. ಮೂರೇ ಶ್ಲೋಕ, 8ರಿಂದ 10. ಒಮ್ಮೆ ನೀವೇ ತೆಗೆದು ಓದಿ. ಅಲ್ಲಿ ಒಂದೇ ಒಂದು ತರಕಾರಿಯ ಹೆಸರಿಲ್ಲ, ಕಾಳಿನ ಹೆಸರಿಲ್ಲ. ಇರುವುದು ಗುಣಗಳ ವರ್ಣನೆ. ರಸವಿರುವ, ಜಿಡ್ಡಿರುವ, ಹೊಟ್ಟೆಯಲ್ಲಿ ನಿಲ್ಲುವ, ಮನಸ್ಸಿಗೆ ಹಿತವಾದ ಊಟ ಸಾತ್ವಿಕ. ತುಂಬ ಖಾರ, ತುಂಬ ಹುಳಿ, ತುಂಬ ಉಪ್ಪು, ತುಂಬ ಬಿಸಿ ರಾಜಸ. ಆ 'ಅತಿ' ಎಂಬ ಪದ ಶ್ಲೋಕದಲ್ಲಿ ಬಿಸಿಯ ಪಕ್ಕದಲ್ಲಿ ಮಾತ್ರ ಇದೆ. ಅದನ್ನು ಖಾರ, ಹುಳಿ, ಉಪ್ಪು ಎಲ್ಲಕ್ಕೂ ಸೇರಿಸಿ ಓದಬೇಕು ಎಂದು ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಬರೆದಿದ್ದಾರೆ. ಅಂದರೆ ಹುಳಿ ತಪ್ಪಲ್ಲ, ಅತಿ ಹುಳಿ ತಪ್ಪು.

ಹಾಗಾದರೆ ಬೆಳ್ಳುಳ್ಳಿ ನಿಷೇಧ ಎಲ್ಲಿಂದ ಬಂತು? ಅದೇನು ಸುಳ್ಳಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯ ಬೆಳ್ಳುಳ್ಳಿ, ಈರುಳ್ಳಿ, ಅಣಬೆಗಳನ್ನು ದ್ವಿಜರಿಗೆ ಬೇಡ ಎನ್ನುತ್ತದೆ. ಹಠಯೋಗ ಪ್ರದೀಪಿಕೆಯೂ ಯೋಗ ಮಾಡುವವರಿಗೆ ಬೆಳ್ಳುಳ್ಳಿ ಬೇಡ ಎನ್ನುತ್ತದೆ. ಆದರೆ ನಮ್ಮ ಆಯುರ್ವೇದ ಅದನ್ನು ಔಷಧಿಯಾಗಿ ಹಾಡಿ ಹೊಗಳಿದೆ. ಆರು ರಸಗಳಲ್ಲಿ ಹುಳಿಯೊಂದು ಬಿಟ್ಟು ಐದೂ ಇರುವುದರಿಂದ ಅದಕ್ಕೆ 'ರಸೋನ' ಎಂದು ಹೆಸರು. ಅದರ ಗುಣ ಉಷ್ಣ, ತೀಕ್ಷ್ಣ, ಜೊತೆಗೆ ವೃಷ್ಯ, ಅಂದರೆ ಕಾಮವನ್ನು ಹೆಚ್ಚಿಸುವಂಥದ್ದು. ಬ್ರಹ್ಮಚಾರಿ ಸಾಧಕನಿಗೆ ಅದನ್ನು ಏಕೆ ಬೇಡ ಎಂದರು ಎಂಬುದು ನನ್ನ ಲೆಕ್ಕದಲ್ಲಿ ಇಲ್ಲೇ ಸಿಗುತ್ತದೆ. 47 ವರ್ಷದ, ದಿನಕ್ಕೆ ಆರು ಪೀರಿಯಡ್ ನಿಂತು ಪಾಠ ಮಾಡುವ ಗೃಹಿಣಿಗೆ ಅದೇ ನಿಯಮ ಹಾಕಲು ಬೇರೆ ಕಾರಣ ಬೇಕು. ಒಂದು ಕಾರಣ ಇರಬಹುದು. ಈರುಳ್ಳಿ, ಬೆಳ್ಳುಳ್ಳಿ ಎರಡರಲ್ಲೂ ಫ್ರಕ್ಟಾನ್ ಎಂಬ ಅಂಶ ಇದೆ. ಕೆಲವರಿಗೆ ಅದು ಹೊಟ್ಟೆ ಉಬ್ಬರ, ಹುಳಿತೇಗು ತರುತ್ತದೆ. ಹೊಟ್ಟೆ ಉಬ್ಬಿಸಿಕೊಂಡು ಪದ್ಮಾಸನ ಹಾಕಿ ನೋಡಿ, ದೇವರಲ್ಲ, ಬರೀ ಹೊಟ್ಟೆಯೇ ಕಾಣುತ್ತದೆ. ನಿಮಗೆ ಹಾಗಾಗುತ್ತಿತ್ತಾ? ಪತ್ರದಲ್ಲಿ ಎಲ್ಲೂ ಬರೆದಿಲ್ಲ.

ಹಠಯೋಗ ಪ್ರದೀಪಿಕೆ 15ನೇ ಶತಮಾನದ ಹೊತ್ತಿನದು. ಅದರ ಪಟ್ಟಿ ಪೂರ್ತಿ ಓದಿದರೆ ನಿಮಗೆ ನಗು ಬರುತ್ತದೆ. ಯೋಗಿಗೆ ಬೇಡವಾದದ್ದರಲ್ಲಿ ಬೆಳ್ಳುಳ್ಳಿ, ಮಾಂಸ, ಮೀನು, ಹೆಂಡ ಇರುವುದು ನಿಜ. ಅದೇ ಸಾಲಿನಲ್ಲಿ ಇಂಗು ಇದೆ. ಮೊಸರು ಇದೆ, ಮಜ್ಜಿಗೆ ಇದೆ. ಎಳ್ಳು, ಎಣ್ಣೆ, ಸಾಸಿವೆ ಇದೆ. ಹುರುಳಿ ಇದೆ, ಹಸಿರು ಸೊಪ್ಪೂ ಇದೆ! ಮಂಡ್ಯದ ಅಡುಗೆಮನೆಯಲ್ಲಿ ಹುರುಳಿ, ಸೊಪ್ಪು, ಮಜ್ಜಿಗೆ, ಒಗ್ಗರಣೆಯ ಸಾಸಿವೆ ತೆಗೆದರೆ ಉಳಿಯುವುದೇನು? ಬೆಳ್ಳುಳ್ಳಿ ಬಿಡಿ ಎಂದು ಹೇಳುವವರು ಇಂಗು ಹಾಕಿದ ತಿಳಿಸಾರು, ಕಡೆಗೊಂದು ಮಜ್ಜಿಗೆ ಕುಡಿಯುತ್ತಾರೆ. ಪಟ್ಟಿಯಿಂದ ನಾವೆಲ್ಲ ನಮಗೆ ಅನುಕೂಲವಾದದ್ದನ್ನೇ ಆರಿಸಿಕೊಂಡಿದ್ದೇವೆ. ಇನ್ನು ಕಾಫಿ, ಹಸಿಮೆಣಸಿನಕಾಯಿ, ಆಲೂಗಡ್ಡೆ ಆ ಪಟ್ಟಿಯಲ್ಲಿ ಇರಲು ಸಾಧ್ಯವೇ ಇಲ್ಲ. ಅವು ನಮ್ಮ ಕಡೆಗೆ ಬಂದದ್ದೇ ಆಮೇಲೆ. ಕಾಫಿಯ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದು, ರಾತ್ರಿ ಮನಸ್ಸು ನಿಲ್ಲುತ್ತಿಲ್ಲ ಎನ್ನುವ ಎಷ್ಟೋ ಮೈಸೂರಿಗರನ್ನು ನಾನು ನೋಡಿದ್ದೇನೆ. ಅವರಾರೂ ಕಾಫಿಯನ್ನು ರಾಜಸ ಅನ್ನಲ್ಲ!

ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿ ಯೋಗವನ್ನು ಕೆಡಿಸುವ ಆರು ಸಂಗತಿಗಳಿವೆ. ಅತಿಯಾದ ಊಟ, ಅತಿಯಾದ ದಣಿವು, ಹೆಚ್ಚು ಮಾತು, ನಿಯಮಾಗ್ರಹ, ಜನರ ಒಡನಾಟ, ಚಪಲ. ಮೊದಲನೆಯದು ಅತ್ಯಾಹಾರ, ಅಂದರೆ ಎಷ್ಟು ಎಂಬ ಪ್ರಶ್ನೆ. ನಾಲ್ಕನೆಯದನ್ನು ನಾನು ನಿಮಗಾಗಿಯೇ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತೇನೆ. ನಿಯಮಾಗ್ರಹ ಅಂದರೆ ನಿಯಮವನ್ನು ಹಟದಿಂದ ಹಿಡಿಯುವುದು. ವ್ಯಾಖ್ಯಾನಕಾರ ಬ್ರಹ್ಮಾನಂದರು ಅದಕ್ಕೆ ಕೊಡುವ ಉದಾಹರಣೆಗಳು ಬೆಳಗಿನ ತಣ್ಣೀರ ಸ್ನಾನ, ರಾತ್ರಿ ಮಾತ್ರ ಉಣ್ಣುವುದು, ಬರೀ ಹಣ್ಣು ತಿಂದಿರುವುದು.

ನಾನೂ ಆ ಹಟ ಹಿಡಿದವನೇ. ಓದು ಮುಗಿದ ಹೊಸದರಲ್ಲಿ, ಪುಸ್ತಕದಲ್ಲಿದ್ದಂತೆ ಉಪ್ಪು, ಹುಳಿ, ಖಾರ ಬಿಟ್ಟು ಹಾಲನ್ನ ತಿಂದುಕೊಂಡಿದ್ದೆ. ಹನ್ನೆರಡನೆಯ ದಿನ ದೇವರಾಜ ಮಾರ್ಕೆಟ್ ಪಕ್ಕ ನಡೆದು ಹೋಗುವಾಗ ಮೆಣಸಿನಕಾಯಿ ಬಜ್ಜಿಯ ವಾಸನೆ ಬಂತು. ನಿಂತಲ್ಲೇ ಆರು ತಿಂದೆ. ಅದಕ್ಕಿಂತ ಮುಂಚಿನ ಹನ್ನೊಂದು ದಿನ ಕಣ್ಣು ಮುಚ್ಚಿದಾಗೆಲ್ಲ ನನಗೆ ಕಂಡದ್ದೂ ಅದೇ ಬಜ್ಜಿ. ನಿಮ್ಮ ಬಸ್ಸಾರಿನ ಕಥೆ ಬೇರೆಯಲ್ಲ.

'ಆಹಾರ ಶುದ್ಧವಾದರೆ ಮನಸ್ಸು ಶುದ್ಧ' ಎಂಬ ಮಾತನ್ನು ನಿಮಗೆ ಹೇಳಿಯೇ ಇರುತ್ತಾರೆ. ಅದೂ ಛಾಂದೋಗ್ಯದ್ದೇ, ಏಳನೆಯ ಅಧ್ಯಾಯ. ಇದನ್ನು ಓದುವುದರಲ್ಲಿ ನಮ್ಮ ಆಚಾರ್ಯರಲ್ಲೇ ಎರಡು ದಾರಿ ಇದೆ. ಶಂಕರರು ಆಹಾರ ಎಂದರೆ ಇಂದ್ರಿಯಗಳು ಒಳಗೆ ತಂದುಕೊಳ್ಳುವುದೆಲ್ಲ ಎನ್ನುತ್ತಾರೆ. ಕಿವಿಗೆ ಬೀಳುವ ಶಬ್ದವೂ ಆಹಾರವೇ. ಹಾಗೆ ನೋಡಿದರೆ ರಾತ್ರಿ ಒಂಬತ್ತಕ್ಕೆ ಪಾತ್ರೆ ತೊಳೆಯುತ್ತಾ ಕೇಳಿಸಿಕೊಳ್ಳುವ ಟಿವಿ ಜಗಳ ನಿಮ್ಮ ಸಾರಿನ ಬೆಳ್ಳುಳ್ಳಿಗಿಂತ ಜೋರು. ರಾಮಾನುಜರು ಆಹಾರ ಎಂದರೆ ಊಟ ಎಂದೇ ಹಿಡಿಯುತ್ತಾರೆ. ಪದಾರ್ಥದ ಸ್ವಭಾವದಿಂದ ಬರುವ ದೋಷ, ಅದು ಯಾರಿಂದ ಬಂತು ಎಂಬುದರ ದೋಷ, ಕೂದಲು ಬಿದ್ದದ್ದು, ಎಂಜಲಾದದ್ದು ಮುಂತಾದ ದೋಷ, ಈ ಮೂರೂ ಇಲ್ಲದ ಅನ್ನ ಬೇಕು ಎನ್ನುತ್ತಾರೆ. ಈ ಎರಡನೆಯ ದೋಷವನ್ನು ನಮ್ಮ ಸಮಾಜ ಜಾತಿಯ ಕೋಲಾಗಿ ಬಳಸಿದ್ದು ನಿಮಗೆ ನಾನು ಹೇಳಬೇಕಾಗಿಲ್ಲ. ವಿವೇಕಾನಂದರು ನಮ್ಮ ಧರ್ಮ ಅಡುಗೆಮನೆ ಸೇರಿಕೊಂಡಿದೆ ಎಂದು ಸಿಟ್ಟಾದದ್ದೂ ಇದಕ್ಕೇ.

ರಾಮಾನುಜರು ವರ್ಷಗಟ್ಟಲೆ ಇದ್ದದ್ದು ನಿಮ್ಮ ಜಿಲ್ಲೆಯ ಮೇಲುಕೋಟೆಯಲ್ಲಿ. ಅವರು ಹೇಳುವ ಏಳು ಸಾಧನಗಳಲ್ಲಿ ಈ ಊಟದ ವಿವೇಕ ಮೊದಲನೆಯದು. ಆ ಏಳರಲ್ಲೇ ಆರನೆಯದು ಅನವಸಾದ. ಮನಸ್ಸು ಕುಗ್ಗದಿರುವುದು ಎಂದು ಅರ್ಥ. ಮೊದಲನೆಯದಕ್ಕಾಗಿ ಆರನೆಯದನ್ನು ಕಳೆದುಕೊಂಡರೆ ಲೆಕ್ಕ ಸರಿಹೋಗುವುದಿಲ್ಲ. ಅಂದಹಾಗೆ ಮೇಲುಕೋಟೆ ಎಂದರೆ ಇವತ್ತು ಜನಕ್ಕೆ ಮೊದಲು ನೆನಪಾಗುವುದು ಪುಳಿಯೋಗರೆ. ಹುಣಸೆ, ಮೆಣಸಿನಕಾಯಿ, ಎಳ್ಳು, ಎಣ್ಣೆ, ಇಂಗು. ಕಟ್ಟುನಿಟ್ಟಿನ ಹಠಯೋಗಿ ಅದರ ಹತ್ತಿರವೂ ಸುಳಿಯುವ ಹಾಗಿಲ್ಲ!

ತಂಗಳಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಗೀತೆ ತಾಮಸ ಎನ್ನುವುದು ರಸ ಹೋದ, ನಾರುವ, ರಾತ್ರಿ ಕಳೆದ ಊಟವನ್ನು. ಫ್ರಿಜ್ಜಿಲ್ಲದ ಕಾಲಕ್ಕೆ ಅದು ಒಳ್ಳೆಯ ಬುದ್ಧಿಮಾತು. ಮನುವೇ ಎಣ್ಣೆ, ತುಪ್ಪ ಬೆರೆತ ಪದಾರ್ಥಕ್ಕೆ ವಿನಾಯಿತಿ ಕೊಟ್ಟಿದ್ದಾನೆ. ಬೆಳಿಗ್ಗೆ ಮಾಡಿದ ಸಾರನ್ನು ಆರಿದ ಕೂಡಲೇ ಫ್ರಿಜ್ಜಿನಲ್ಲಿಟ್ಟು ಸಂಜೆ ಕುದಿಸಿ ಉಂಡರೆ ನಿಮ್ಮ ಧ್ಯಾನಕ್ಕೆ ಏನೂ ಆಗುವುದಿಲ್ಲ. ರಾತ್ರಿಯಿಡೀ ಹೊರಗೇ ಇದ್ದ ಅನ್ನ ಮಾತ್ರ ಬೇಡ. ಅದು ಹೊಟ್ಟೆ ಕೆಡಿಸುತ್ತದೆ.

ಮುದ್ದೆಗೆ ಯಾವ ಪಟ್ಟಿಯಲ್ಲೂ ತಾಮಸ ಎಂಬ ಹಣೆಪಟ್ಟಿ ಇಲ್ಲ. ನಿದ್ದೆ ಬರುವುದು ರಾಗಿಯಿಂದಲ್ಲ, ಗಾತ್ರದಿಂದ. ಮುದ್ದೆ ಬಿಟ್ಟು ರಾತ್ರಿ ಏನು ತಿನ್ನುತ್ತಿದ್ದೀರಿ ಎಂದು ನೀವು ಬರೆದಿಲ್ಲ. ಸಾಮಾನ್ಯವಾಗಿ ಜನ ಅನ್ನಕ್ಕೆ ಬರುತ್ತಾರೆ. ಸಾತ್ವಿಕ ಎಂದುಕೊಂಡು ಎರಡು ತಟ್ಟೆ ಅನ್ನ, ಮೇಲೆ ತುಪ್ಪ. ಶುಗರ್ ಇರುವವರಿಗೆ ಅದು ಅರ್ಧ ಮುದ್ದೆಗಿಂತ ಕೆಟ್ಟದ್ದು. ರಾಗಿ ತಿಂದರೆ ಸಕ್ಕರೆ ಏರಲ್ಲ ಎಂಬುದೂ ಸುಳ್ಳೇ, ಅಲ್ಲೂ ಅಳತೆ ಬೇಕು. ಮೈಸೂರು ಪಾಕಿನಲ್ಲೂ ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಹಾಗಂತ ನಾಲ್ಕು ತುಂಡು ತಿಂದು ಧ್ಯಾನಕ್ಕೆ ಕೂರುತ್ತೀರಾ?

ಬಾಡಿನ ಪ್ರಶ್ನೆ ಕಷ್ಟದ್ದು. ನಿಮಗೆ ಸಮಾಧಾನವಾಗಲಿ ಅಂತ ಸುಳ್ಳು ಹೇಳಲಾರೆ. ಯೋಗದ ಗ್ರಂಥಗಳ ಒಲವು ಮಾಂಸ ಬೇಡ ಎನ್ನುವ ಕಡೆಗೇ ಇದೆ. ಅದಕ್ಕೆ ದೊಡ್ಡ ಕಾರಣ ಅಹಿಂಸೆ. ಪತಂಜಲಿಯ ಯಮಗಳಲ್ಲಿ ಅಹಿಂಸೆಯೇ ಮೊದಲು. ಆದರೆ ಪತಂಜಲಿ ಊಟದ ಪಟ್ಟಿ ಕೊಡಲಿಲ್ಲ. ಬಾಡು ತಿನ್ನುವ ಮನೆಯವರಿಗೆ ಧ್ಯಾನ ಒಲಿಯಲ್ಲ ಎಂದು ಎಲ್ಲೂ ಬರೆಯಲಿಲ್ಲ. ಮಹಾಭಾರತದಲ್ಲಿ ಕೌಶಿಕ ಎಂಬ ತಪಸ್ವಿ ಧರ್ಮ ಕಲಿಯಲು ಹೋಗುವುದು ಮಿಥಿಲೆಯ ಮಾಂಸದಂಗಡಿಗೆ. ಅಲ್ಲಿ ಮಾಂಸ ಮಾರುವ ವ್ಯಾಧ ತಾನು ಕೊಲ್ಲುವುದಿಲ್ಲ, ತಿನ್ನುವುದೂ ಇಲ್ಲ ಎನ್ನುತ್ತಾನೆ, ಅದನ್ನೂ ಮುಚ್ಚಿಡಬಾರದು. ಬೇಡರ ಕಣ್ಣಪ್ಪ ಶಿವನಿಗೆ ಎಡೆ ಇಟ್ಟದ್ದೇ ಮಾಂಸವನ್ನು. ನಿಮ್ಮೂರ ಮಾರಮ್ಮನ ಹಬ್ಬ ನಿಮಗೇ ಗೊತ್ತು. ನಮ್ಮ ಪರಂಪರೆಯಲ್ಲಿ ಒಂದೇ ಅಡುಗೆಮನೆ ಎಂದೂ ಇರಲಿಲ್ಲ.

ಮಾಂಸ ಬಿಟ್ಟದ್ದು ಪ್ರಾಣಿಯ ನೋವು ಕಂಡಾ? ಹಾಗಿದ್ದರೆ ಬಿಟ್ಟೇ ಇರಿ, ತುಂಬ ಒಳ್ಳೆಯದು. ಆದರೆ ಆ ಜಾಗಕ್ಕೆ ಹುರುಳಿ, ಅವರೆ, ಹೆಸರುಕಾಳು, ಮೊಸರು ಬರಬೇಕು. ಬರೀ ಅನ್ನ ತಿಳಿಸಾರು ಬಂದರೆ ಮೈ ಸೊರಗುತ್ತದೆ. ಜಪ ಸೋರುತ್ತೆ ಎಂಬ ಹೆದರಿಕೆಯಿಂದ ಬಿಟ್ಟದ್ದಾದರೆ ಇನ್ನೊಮ್ಮೆ ಯೋಚಿಸಿ. ಹೆದರಿ ಬಿಟ್ಟದ್ದು ತಟ್ಟೆಯಿಂದ ಹೋಗಿ ತಲೆಯಲ್ಲಿ ಕೂರುತ್ತದೆ.

ಈ ಎರಡರ ನಡುವೆ ಒಂದು ದಾರಿಯನ್ನು ನಮ್ಮ ಕಡೆಯ ಹಿರಿಯರೇ ಮಾಡಿಟ್ಟಿದ್ದಾರೆ. ಸೋಮವಾರವೋ ಶನಿವಾರವೋ ವಾರ ಹಿಡಿಯುವುದು, ಅವತ್ತು ಬಾಡು ಮುಟ್ಟದೆ ಒಪ್ಪೊತ್ತು ಇರುವುದು. ನಿಮ್ಮ ಅತ್ತೆಯವರೂ ಮಾಡುತ್ತಿರಬಹುದು. ನಾನು ನೋಡಿದಂತೆ ಸಂಸಾರದಲ್ಲಿ ಇರುವವರಿಗೆ ಹೆಚ್ಚು ದಿನ ಬಾಳಿಕೆ ಬರುವುದು ಇದೇ. ತೊಂದರೆ ಇಷ್ಟೇ, ಒಪ್ಪೊತ್ತಿನ ದಿನ ಅನ್ನ ಬಿಟ್ಟು 'ಪಲಾರ' ಎಂದು ಎರಡು ಸಲ ಉಪ್ಪಿಟ್ಟು, ಮೇಲೆ ಸಬ್ಬಕ್ಕಿ ವಡೆ ತಿನ್ನುವುದು. ಮತ್ತೆ ನಿಮಗೆ ಮಾತ್ರೆ ಇರುವುದರಿಂದ ಒಪ್ಪೊತ್ತನ್ನೂ ಡಾಕ್ಟರನ್ನು ಕೇಳಿಯೇ ಮಾಡಬೇಕು.

ನಿಮ್ಮ ತೂಕಡಿಕೆಗೆ ನನ್ನ ಮೊದಲ ಅನುಮಾನ ಗಡಿಯಾರದ ಮೇಲೆ. ದಿನವಿಡೀ ಶಾಲೆ, ಎರಡು ಸಾರು, ಪಾತ್ರೆ, ಆಮೇಲೆ ತುಂಬಿದ ಹೊಟ್ಟೆಯಲ್ಲಿ ಒಂಬತ್ತೂವರೆಗೆ ಕಣ್ಣು ಮುಚ್ಚುವುದು. ಯಾರಿಗಾದರೂ ನಿದ್ದೆಯೇ ಬರುವುದು. ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಉಣ್ಣದೇ ಇರುವವನಿಗೂ ಇಲ್ಲ ಎನ್ನುವ ಗೀತೆಯ ಆರನೆಯ ಅಧ್ಯಾಯ ಅದೇ ಉಸಿರಿನಲ್ಲಿ ನಿದ್ದೆಯ ಮಾತನ್ನೂ ಆಡುತ್ತದೆ. ಊಟಕ್ಕೂ ಧ್ಯಾನಕ್ಕೂ ನಡುವೆ ಮೂರು ಗಂಟೆ ಇರಲಿ. ನಿಮಗೆ ಸಂಜೆ ದೀಪ ಹಚ್ಚುವ ಹೊತ್ತು ಸರಿ. ಶಾಲೆಯಿಂದ ಬಂದು ಒಂದು ಲೋಟ ಮಜ್ಜಿಗೆ, ಒಂದು ಹಿಡಿ ಕಡಲೆಕಾಯಿ ತಿನ್ನಿ. ಒಂದೂವರೆ ಗಂಟೆ ಬಿಟ್ಟು ಇಪ್ಪತ್ತು ನಿಮಿಷ ಕೂತರೆ ಸಾಕು. ಅದೂ ಆಗದಿದ್ದರೆ ಬೆಳಿಗ್ಗೆ ಐದೂವರೆಗೆ. ಎರಡು ವಾರ ಹೊತ್ತನ್ನು ಮಾತ್ರ ಬದಲಾಯಿಸಿ, ಊಟದಲ್ಲಿ ಬೇರೇನೂ ಬದಲಾಯಿಸಬೇಡಿ. ದಿನಾ ಒಂದು ಸಾಲು ಬರೆದಿಡಿ. ನಿದ್ದೆ ಬಂತಾ, ಹೊಟ್ಟೆ ಹೇಗಿತ್ತು, ಅಷ್ಟೇ. ಮೂರನೆಯ ವಾರ ಈರುಳ್ಳಿ, ಬೆಳ್ಳುಳ್ಳಿ ವಾಪಸ್ ತನ್ನಿ. ಇನ್ನೂ ಎರಡು ವಾರ ಬರೆಯಿರಿ. ನಿಜಕ್ಕೂ ವ್ಯತ್ಯಾಸ ಕಂಡರೆ ಬಿಡಿ. ಕಾಣದಿದ್ದರೆ ಇನ್ನು ಎರಡು ಸಾರು ಏಕೆ?

ಹೇಳಿಕೊಡುವವರ ಜೊತೆ ಜಗಳ ಮಾಡಬೇಡಿ. ನನಗೆ ಶುಗರ್ ಇದೆ, ಡಾಕ್ಟರ್ ಬೇಡ ಅಂದಿದ್ದಾರೆ ಎನ್ನಿ, ಮುಗಿಯಿತು. ಅದಕ್ಕೂ ಒಪ್ಪದೆ ಹೆದರಿಸಿದರೆ ಬೇರೆಯವರ ಹತ್ತಿರ ಕಲಿಯಿರಿ.

ಬ್ಲಡ್ ರಿಪೋರ್ಟ್ ಬಂದ ಮೇಲೆ ನನಗೆ ಬರೆಯಿರಿ, ಯಾವ ಮಾತ್ರೆ ಎಂಬುದನ್ನೂ ಸೇರಿಸಿ. ಮೂರನೆಯ ವಾರದ ಭಾನುವಾರ ಅತ್ತೆಯವರನ್ನೇ ಬಸ್ಸಾರು ಮಾಡಲು ಕೇಳಿ. ಬೆಳ್ಳುಳ್ಳಿ ಎಷ್ಟು ಹಾಕಬೇಕು ಎಂಬುದನ್ನು ಅವರಿಗೇ ಬಿಡಿ.